ಕಾರಿನ ಒಂದೇ ಟೈರ್ ಪದೇಪದೇ ಇಳೀತಿದ್ಯಾ? ಗಾಳಿ ಹೊಡೆಸಿದ್ರೆ ಸಾಲದು, ತೂತು ಎಲ್ಲಿದೆ ಅಂತ ಹುಡುಕಿ

ಚಳ್ಳಕೆರೆ: ವಾರಕ್ಕೊಂದು ಸಲ ಬಂಕ್‌ಗೆ ಹೋಗಿ ಒಂದೇ ಟೈರ್‌ಗೆ ಗಾಳಿ ಹೊಡೆಸ್ಕೊಂಡು ಬರೋರು ನಮ್ಮ ತಾಲೂಕಿನಲ್ಲಿ ಕಡಿಮೆ ಇಲ್ಲ. ‘ಪಂಕ್ಚರ್ ಆಗಿಲ್ಲ ಬಿಡಿ, ಸ್ವಲ್ಪ ಇಳಿಯುತ್ತೆ ಅಷ್ಟೆ’ ಅಂತಾರೆ. ಟೈರ್ ಚೆನ್ನಾಗಿದ್ರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯೋದು ಸಹಜ. ಆದ್ರೆ ನಾಲ್ಕರಲ್ಲಿ ಒಂದೇ ಟೈರ್ ವಾರಕ್ಕೆ ನಾಲ್ಕೈದು ಪಿಎಸ್‌ಐ ಇಳೀತಿದೆ ಅಂದ್ರೆ ಎಲ್ಲೋ ತೂತಿದೆ ಅಂತಲೇ ಅರ್ಥ.

ಊರೊಳಗೆ ಓಡಾಡುವಾಗ ಇದರ ಬಿಸಿ ತಟ್ಟಲ್ಲ. ಮನೆಮಂದಿನ ಕೂರಿಸ್ಕೊಂಡು, ಡಿಕ್ಕಿಗೆ ಎರಡು ಮೂಟೆ ಹಾಕ್ಕೊಂಡು, ಹಿರಿಯೂರು ದಾಟಿ ಬೆಂಗಳೂರು ಹೈವೇ ಹಿಡಿದಾಗ ಕಥೆ ಬೇರೆ. ಗಾಳಿ ಕಮ್ಮಿ ಇರೋ ಟೈರ್ ಪ್ರತಿ ಸುತ್ತಿಗೂ ಪಕ್ಕಕ್ಕೆ ಮಡಚಿಕೊಂಡು ಬಿಚ್ಚಿಕೊಳ್ಳುತ್ತೆ. ಅದರಿಂದ ಒಳಗಡೆ ಬಿಸಿ ಏರಿ, ರಬ್ಬರಿನ ಪದರ ಬಿಟ್ಟುಕೊಂಡು, ಕೊನೆಗೆ ಸಿಡಿಯುತ್ತೆ. ‘ಬೇಸಿಗೆ ಬಂತು, ಟೈರ್ ಸಿಡಿಯುತ್ತೆ, ಗಾಳಿ ಕಮ್ಮಿ ಇಡಿ’ ಅಂತ ಹೇಳೋರು ಇನ್ನೂ ಇದ್ದಾರೆ. ಅದು ಪೂರ್ತಿ ಉಲ್ಟಾ ಸಲಹೆ. ಕಮ್ಮಿ ಇಟ್ಟಷ್ಟೂ ಬಿಸಿ ಜಾಸ್ತಿ.

ಎಷ್ಟಿರಬೇಕು, ಯಾವಾಗ ನೋಡಬೇಕು

ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆ ಅಂಟಿಸಿರ್ತಾರೆ. ಅದರಲ್ಲಿರೋ ಲೆಕ್ಕವೇ ಸರಿಯಾದ ಲೆಕ್ಕ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 36 ಪಿಎಸ್‌ಐ ಒಳಗೆ ಇರುತ್ತೆ. ಬಹಳಷ್ಟು ಸ್ಟಿಕ್ಕರ್‌ನಲ್ಲಿ ಎರಡು ಲೆಕ್ಕ ಕೊಟ್ಟಿರ್ತಾರೆ: ಒಂದಿಬ್ಬರು ಹೋಗುವಾಗ ಒಂದು, ತುಂಬಾ ಜನ, ಲಗೇಜು ಇದ್ದಾಗ ಇನ್ನೊಂದು. ಎಪಿಎಂಸಿಯಿಂದ ಕಾರಲ್ಲೇ ಸರಕು ತರೋ ಅಂಗಡಿಯವರು ನೋಡಬೇಕಾದ್ದು ಆ ಎರಡನೇ ಲೆಕ್ಕ. ಟೈರ್ ಮೇಲೆ ಅಚ್ಚೊತ್ತಿರೋ ದೊಡ್ಡ ನಂಬರ್ ನೋಡಿ ಗಾಳಿ ಹೊಡೆಸಬೇಡಿ. ಅದು ಆ ಟೈರ್ ತಡೆಯೋ ಗರಿಷ್ಠ ಮಿತಿ, ನಿಮ್ಮ ಕಾರಿಗೆ ಬೇಕಾದ್ದಲ್ಲ.

ಈಗಿನ ರೇಡಿಯಲ್ ಟೈರ್ ಸರಿಯಾಗಿ ಗಾಳಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿದ ಹಾಗೇ ಕಾಣುತ್ತೆ. ಕಾಲಲ್ಲಿ ಒದ್ದು ನೋಡಿದ್ರೆ, ಕಣ್ಣಳತೆಯಲ್ಲಿ ನೋಡಿದ್ರೆ 22 ಇದ್ಯಾ 32 ಇದ್ಯಾ ಗೊತ್ತಾಗಲ್ಲ. ಒಂದು ಗೇಜ್ ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಕೊಳ್ಳಿ. ಬೆಳಿಗ್ಗೆ ಗಾಡಿ ತೆಗೆಯೋಕೆ ಮುಂಚೆ ನೋಡಬೇಕು. ಓಡಿಸಿ ಬಂದ ಮೇಲೆ ನೋಡಿದ್ರೆ ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸುತ್ತೆ. ಅದನ್ನ ನೋಡಿ ಗಾಳಿ ಬಿಟ್ರೆ ರಾತ್ರಿ ತಣ್ಣಗಾದಾಗ ಕಮ್ಮಿ ಆಗಿರುತ್ತೆ.

ಬಂಕ್‌ನಲ್ಲಿ ಗಾಳಿ ಉಚಿತ. ಪೆಟ್ರೋಲ್ ಹಾಕಿಸಲೇಬೇಕು ಅಂತಿಲ್ಲ. ಗಾಳಿ ಹೊಡೆಯೋ ಹುಡುಗನಿಗೆ ಖುಷಿಗೆ ಐದೋ ಹತ್ತೋ ಕೊಡೋದು ನಿಮಗೆ ಬಿಟ್ಟಿದ್ದು. ನೈಟ್ರೋಜನ್ ಹಾಕಿಸಿದ್ರೆ ಇಳಿಯಲ್ಲ ಅನ್ನೋ ಮಾತಿಗೆ ದುಡ್ಡು ಸುರಿಯೋಕೆ ಹೋಗಬೇಡಿ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ತೂತಿದ್ರೆ ಎರಡೂ ಹೋಗುತ್ತೆ.

ತೂತು ಹುಡುಕೋದು ಹೇಗೆ

ನಮ್ಮ ಕಡೆ ಮೊದಲ ಅನುಮಾನ ಬಳ್ಳಾರಿ ಜಾಲಿ ಮೇಲೆ. ರಸ್ತೆ ಬದಿ ಜಾಲಿ ಕಡಿದ ಮೇಲೆ, ಹೊಲದ ದಾರಿಯಲ್ಲಿ ಹೋಗಿ ಬಂದ ಮೇಲೆ, ಮುಳ್ಳು ಟೈರ್ ಒಳಗೆ ಮುರಿದು ಕೂತಿರುತ್ತೆ. ಟ್ಯೂಬ್‌ಲೆಸ್ ಟೈರ್‌ನಲ್ಲಿ ಆ ಮುಳ್ಳೇ ಬೂಚಿನ ತರ ಕೆಲಸ ಮಾಡೋದ್ರಿಂದ ಗಾಳಿ ಒಂದೇ ಸಲ ಹೋಗಲ್ಲ, ದಿನಾ ಒಂದಿಷ್ಟು ಸೋರುತ್ತೆ. ಮೇಲಿಂದ ನೋಡಿದ್ರೆ ಕಪ್ಪು ಚುಕ್ಕೆ ಬಿಟ್ಟು ಏನೂ ಕಾಣಲ್ಲ.

ಮೊದಲು ಟೈರ್‌ಗೆ ಪೂರ್ತಿ ಗಾಳಿ ಹೊಡೆಸಿ. ಒಂದು ಶಾಂಪೂ ಪೌಚ್ ಅರ್ಧ ಮಗ್ ನೀರಿಗೆ ಕಲಸಿ, ಬಟ್ಟೆಯಿಂದಲೋ ಸ್ಪ್ರೇ ಬಾಟಲಿಯಿಂದಲೋ ಹಾಕ್ತಾ ಬನ್ನಿ. ಶುರು ಮಾಡಬೇಕಾದ್ದು ವಾಲ್ವ್‌ನಿಂದ. ಕ್ಯಾಪ್ ತೆಗೆದು ಬಾಯಿ ಮೇಲೆ ನೊರೆ ಹಚ್ಚಿ. ಗುಳ್ಳೆ ಎದ್ರೆ ಒಳಗಿನ ಪಿನ್ ಸಡಿಲ ಆಗಿದೆ, ಇಲ್ಲಾ ಕಸ ಸಿಕ್ಕಿದೆ. ಪಿನ್ ಬಿಗಿ ಮಾಡಿದ್ರೆ ಅಥವಾ ಬದಲಾಯಿಸಿದ್ರೆ ಮುಗೀತು, ಖರ್ಚೂ ಏನಿಲ್ಲ. ಬಿಸಿಲಿಗೆ ವಾಲ್ವ್‌ನ ರಬ್ಬರ್ ಬುಡದಲ್ಲಿ ಬಿರುಕು ಬಿಟ್ಟಿದ್ಯಾ ಅಂತ ಬಗ್ಗಿಸಿ ನೋಡಿ. ಬಿಟ್ಟಿದ್ರೆ ವಾಲ್ವ್ ಪೂರ್ತಿ ಹೊಸದು ಹಾಕಿಸಬೇಕು.

ಆಮೇಲೆ ರಸ್ತೆಗೆ ತಾಗೋ ಭಾಗ. ಕೆಳಗಿನ ಅರ್ಧ ಕಾಣಬೇಕಂದ್ರೆ ಗಾಡಿನ ಸ್ವಲ್ಪ ಮುಂದಕ್ಕೆ ತಗೊಳ್ಳಿ. ಅವಸರ ಬೇಡ, ಮುಳ್ಳಿನ ತೂತಿಂದ ಗುಳ್ಳೆ ಏಳೋಕೆ ಒಂದು ನಿಮಿಷ ಬೇಕಾಗಬಹುದು. ಮೊಳೆ, ಸ್ಕ್ರೂ ಕಂಡ್ರೆ ಅಲ್ಲೇ ಕೀಳಬೇಡಿ. ಕಿತ್ತ ತಕ್ಷಣ ಗಾಳಿ ಪೂರ್ತಿ ಹೋಗಿ ಅಂಗಡಿವರೆಗೂ ಹೋಗೋಕಾಗಲ್ಲ. ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಇಲ್ಲೂ ಸಿಗಲಿಲ್ಲ ಅಂದ್ರೆ ಟೈರ್ ಮತ್ತು ರಿಮ್ ಸೇರೋ ಅಂಚು ನೋಡಿ. ಗುಂಡಿಗೆ ಬಿದ್ದು ರಿಮ್ ಬೆಂಡ್ ಆಗಿದ್ರೆ, ಹಳೇ ಕಬ್ಬಿಣದ ರಿಮ್‌ಗೆ ತುಕ್ಕು ಹಿಡಿದಿದ್ರೆ ಅಲ್ಲಿಂದ ಸೋರುತ್ತೆ. ಟೈರ್ ಬಿಚ್ಚಿ ತುಕ್ಕು ಉಜ್ಜಿಸಿ ಮತ್ತೆ ಕೂರಿಸಬೇಕು. ಎಷ್ಟೇ ಪಂಕ್ಚರ್ ಹಾಕಿಸಿದ್ರೂ ಇದು ನಿಲ್ಲಲ್ಲ.

ಅಂಗಡಿಯಲ್ಲಿ

ಟ್ಯೂಬ್‌ಲೆಸ್‌ಗೆ ನಮ್ಮಲ್ಲಿ ಹೆಚ್ಚಾಗಿ ಹಾಕೋದು ರಬ್ಬರ್ ಸ್ಟ್ರಿಪ್. ಚಕ್ರ ಬಿಚ್ಚದೇ ಹತ್ತು ನಿಮಿಷದಲ್ಲಿ ಆಗುತ್ತೆ. ಮುಳ್ಳು, ಸಣ್ಣ ಮೊಳೆಗೆ ಅದು ನಡೆಯುತ್ತೆ. ಇದಕ್ಕಿಂತ ಗಟ್ಟಿ ಕೆಲಸ ಅಂದ್ರೆ ಟೈರ್ ಬಿಚ್ಚಿ ಒಳಗಿಂದ ಪ್ಯಾಚ್ ಹಾಕೋದು. ಹೈವೇ ಓಡಾಟ ಜಾಸ್ತಿ ಇದ್ರೆ ಪ್ಯಾಚ್‌ಗೇ ಹೇಳಿ. ಗಾಳಿ ಇಲ್ಲದೆ ಒಂದಷ್ಟು ದೂರ ಓಡಿಸಿದ್ರಂತೂ ಬಿಚ್ಚಿಸಿ ಒಳಗೆ ನೋಡಲೇಬೇಕು. ಕಪ್ಪು ರಬ್ಬರ್ ಪುಡಿ ಉದುರಿದ್ರೆ ಟೈರ್ ಪಕ್ಕ ಒಳಗಡೆ ತೇದು ಹೋಗಿದೆ, ಅದಕ್ಕೆ ಪಂಕ್ಚರ್ ಹಾಕಿ ಪ್ರಯೋಜನ ಇಲ್ಲ. ಟೈರ್ ಪಕ್ಕದಲ್ಲಿ ತೂತಾಗಿದ್ರೂ ಅಷ್ಟೇ, ಹೊಸದೇ ಗತಿ. ‘ಹಾಕ್ಕೊಡ್ತೀನಿ, ಏನೂ ಆಗಲ್ಲ’ ಅಂದ್ರೂ ಒಪ್ಪಬೇಡಿ.

ಟೀ ಕುಡಿಯೋಕೆ ಹೋಗದೆ ಪಕ್ಕದಲ್ಲೇ ನಿಂತ್ಕೊಳ್ಳಿ. ‘ನಾಲ್ಕು ಪಂಕ್ಚರ್ ಇದೆ ಸಾರ್’ ಅಂದ್ರೆ ನಾಲ್ಕೂ ಕಡೆ ಗುಳ್ಳೆ ತೋರಿಸೋಕೆ ಹೇಳಿ. ಕೆಲಸ ಗೊತ್ತಿರೋ ಅಂಗಡಿಯವರು ಕೇಳೋಕೆ ಮುಂಚೆನೇ ತೋರಿಸ್ತಾರೆ. ಹಾಕಿದ ಮೇಲೆ ಅದರ ಮೇಲೂ ಒಮ್ಮೆ ನೀರು ಬಿಡಿಸಿ, ಮಾರನೇ ದಿನ ಬೆಳಿಗ್ಗೆ ಗೇಜ್ ಇಟ್ಟು ನೋಡಿ.

ದಾರಿಯಲ್ಲಿ ಇಳಿದ್ರೆ

ಸ್ಟೇರಿಂಗ್ ಒಂದು ಕಡೆ ಎಳೆದ್ರೆ, ದಪದಪ ಸದ್ದು ಬಂದ್ರೆ ಜೋರಾಗಿ ಬ್ರೇಕ್ ಒತ್ತಬೇಡಿ. ಸ್ಟೇರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರ್ ಬಿಟ್ಟು ನಿಧಾನ ಎಡಕ್ಕೆ ತಗೊಳ್ಳಿ. ಪಾರ್ಕಿಂಗ್ ಲೈಟ್ ಹಾಕಿ, ತ್ರಿಕೋನ ಬೋರ್ಡ್ ಹಿಂದೆ ದೂರ ಇಟ್ಟು, ಒಳಗಿದ್ದೋರನ್ನ ರಸ್ತೆಯಿಂದ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿ ಆದ್ರೆ 1033ಕ್ಕೆ ಫೋನ್ ಮಾಡಬಹುದು, 24 ಗಂಟೆಯೂ ಇರುತ್ತೆ.

ಚಕ್ರ ಬದಲಾಯಿಸೋದಾದ್ರೆ ಹ್ಯಾಂಡ್ ಬ್ರೇಕ್ ಹಾಕಿ, ಗೇರ್‌ನಲ್ಲಿ ಬಿಡಿ. ಜಾಕ್ ಎತ್ತೋಕೆ ಮುಂಚೆನೇ ನಟ್ ಅರ್ಧ ಸುತ್ತು ಸಡಿಲ ಮಾಡ್ಕೊಳ್ಳಿ, ಎತ್ತಿದ ಮೇಲೆ ಚಕ್ರ ತಿರುಗುತ್ತೆ, ನಟ್ ಬಿಚ್ಚಲ್ಲ. ಹಾಕುವಾಗ ಒಂದು ಬಿಟ್ಟು ಅದರ ಎದುರಿನದ್ದು ಬಿಗಿ ಮಾಡ್ತಾ ಬನ್ನಿ. ಸ್ಟೆಪ್ನಿಗೆ ಕೊನೇ ಸಲ ಗಾಳಿ ನೋಡಿದ್ದು ಯಾವಾಗ ಅಂತ ನೆನಪಿಲ್ಲದೋರು ಈ ವಾರವೇ ನೋಡಿಸಿ. ಮಿಕ್ಕ ಟೈರ್‌ಗಿಂತ ಸಣ್ಣದಿರೋ ಸ್ಟೆಪ್ನಿ ಆದ್ರೆ ಅದರ ಮೇಲೆ ವೇಗದ ಮಿತಿ ಬರೆದಿರುತ್ತೆ, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಅದರಲ್ಲೇ ಬೆಂಗಳೂರಿಗೆ ಹೋಗೋ ಬದಲು ಮುಂದಿನ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿ, ನಟ್‌ಗಳನ್ನೂ ಅಲ್ಲೇ ಇನ್ನೊಂದು ಸಲ ಬಿಗಿ ಮಾಡಿಸ್ಕೊಳ್ಳಿ.