ಕೊನೆಯ ಕಾಲಮ್ಮಿನ ಹಿಂದೆ: 1956ರ ಹೈಸ್‌ಮನ್ ಮತಪಟ್ಟಿಯ ಮರುಓದು

ಅಮೆರಿಕದ ಕಾಲೇಜು ಫುಟ್‌ಬಾಲಿನ ಚರಿತ್ರೆ ಬರೆದವರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಮತದಿಂದ ಕೊಡುವ ಹೈಸ್‌ಮನ್ ಟ್ರೋಫಿಯ 1956ರ ತೀರ್ಪನ್ನು ಬೈಯದೆ ಮುಂದೆ ಹೋದವರು ಕಡಿಮೆ. ಹತ್ತು ಪಂದ್ಯಗಳಲ್ಲಿ ಎಂಟನ್ನು ಸೋತ ನೋಟರ್ ಡೇಮ್ ತಂಡದ ಪಾಲ್ ಹಾರ್ನಂಗ್ ಗೆದ್ದರು. ಸಿರಕ್ಯೂಸ್‌ನ ಜಿಮ್ ಬ್ರೌನ್ ಐದನೆಯವರಾದರು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾದ ತಂಡದಿಂದ ಈ ಪ್ರಶಸ್ತಿ ಪಡೆದವರು ಇಂದಿಗೂ ಹಾರ್ನಂಗ್ ಒಬ್ಬರೇ. ಇದಕ್ಕೆ ಕೊಡುವ ಕಾರಣಗಳು ಎಲ್ಲರಿಗೂ ಬಾಯಿಪಾಠ: ನೋಟರ್ ಡೇಮ್ ಎಂಬ ಹೆಸರಿನ ಮಹಿಮೆ, ಒಕ್ಲಹೋಮಾದ ಇಬ್ಬರ ನಡುವೆ ಮತ ಹಂಚಿಹೋದದ್ದು, ಬ್ರೌನ್ ಕಪ್ಪು ವರ್ಣೀಯರಾಗಿದ್ದದ್ದು. ಹಿರಿಯ ಸಂಶೋಧಕರೊಬ್ಬರು ಈ ಮೂರನ್ನೂ ಒಂದೇ ವಾಕ್ಯದಲ್ಲಿ ಪೋಣಿಸಿ, ಮತದಾರರು ಬ್ರೌನ್‌ರನ್ನು 'ಐದನೇ ಸ್ಥಾನಕ್ಕೆ ಇಳಿಸಿದರು' ಎಂದು ಬರೆದಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಮತಪಟ್ಟಿಯ ಕೊನೆಯ ಕಾಲಂ ಬಿಟ್ಟು ಬೇರೇನನ್ನೂ ಅವರು ನೋಡಿದಂತೆ ಕಾಣುವುದಿಲ್ಲ.

ಆ ಕೊನೆಯ ಕಾಲಂ ಒಟ್ಟು ಅಂಕಗಳದ್ದು: ಹಾರ್ನಂಗ್ 1,066, ಟೆನೆಸಿಯ ಜಾನಿ ಮೇಜರ್ಸ್ 994, ಒಕ್ಲಹೋಮಾದ ಟಾಮಿ ಮೆಕ್‌ಡೊನಾಲ್ಡ್ 973, ಅದೇ ತಂಡದ ಜೆರ್ರಿ ಟಬ್ಸ್ 724, ಬ್ರೌನ್ 561. ಮತದಾರ ಮೂರು ಹೆಸರು ಬರೆಯುತ್ತಾನೆ. ಅವುಗಳಿಗೆ ಕ್ರಮವಾಗಿ ಮೂರು, ಎರಡು, ಒಂದು ಅಂಕ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಪ್ರಾಶಸ್ತ್ಯ ಮತ ಇದಲ್ಲ. ಅಲ್ಲಿ ಎರಡನೇ ಪ್ರಾಶಸ್ತ್ಯಕ್ಕೆ ಬೆಲೆ ಬರುವುದು ಮೊದಲನೆಯದು ಇತ್ಯರ್ಥವಾಗದಿದ್ದರೆ ಮಾತ್ರ. ಇಲ್ಲಿ ಮೂರೂ ಸ್ಥಾನಗಳು ಮೊದಲಿನಿಂದಲೇ ಲೆಕ್ಕಕ್ಕೆ ಬರುತ್ತವೆ. ಹೀಗಾಗಿ ಒಟ್ಟು ಅಂಕ ಕೂಡಿದ್ದು ಹೇಗೆ ಎಂಬುದನ್ನು ಬಿಟ್ಟು ಒಟ್ಟನ್ನಷ್ಟೇ ಓದುವುದು ಅರ್ಧ ಓದು.

ಮೊದಲ ಸ್ಥಾನದ ಮತಗಳನ್ನೇ ನೋಡಿ. ಅತಿ ಹೆಚ್ಚು ಪಡೆದವರು ಹಾರ್ನಂಗ್ ಅಲ್ಲ, ಮೆಕ್‌ಡೊನಾಲ್ಡ್: 205. ಹಾರ್ನಂಗ್‌ಗೆ 197, ಮೇಜರ್ಸ್‌ಗೆ 172, ಟಬ್ಸ್‌ಗೆ 121, ಬ್ರೌನ್‌ಗೆ 118. ಹಾರ್ನಂಗ್‌ರನ್ನು ಗೆಲ್ಲಿಸಿದ್ದು 162 ಎರಡನೇ ಸ್ಥಾನಗಳು ಮತ್ತು 151 ಮೂರನೇ ಸ್ಥಾನಗಳು. ಮೆಕ್‌ಡೊನಾಲ್ಡ್‌ರಿಗೆ ಸಿಕ್ಕಿದ್ದು 122 ಮತ್ತು 114. ಅಂದರೆ ನೋಟರ್ ಡೇಮ್ ಹೆಸರಿನ ಮಹಿಮೆ ಕೆಲಸ ಮಾಡಿದ್ದರೂ ಅದು ಭಕ್ತಿಯ ರೂಪದಲ್ಲಿ ಅಲ್ಲ, 'ಇವರೂ ಇರಲಿ' ಎಂಬ ಒಪ್ಪಿಗೆಯ ರೂಪದಲ್ಲಿ. (ಆ ವರ್ಷ ಹಾರ್ನಂಗ್‌ರ ಟಚ್‌ಡೌನ್ ಪಾಸ್‌ಗಳು 3, ಎದುರಾಳಿಗಳ ಕೈಗೆ ಬಿದ್ದವು 13. ಅದೇ ಮನುಷ್ಯ ಓಟ, ಪಾಸ್, ಕಿಕ್ ಮೂರರಲ್ಲೂ ತಂಡಕ್ಕೆ ಮುಂದು ಎಂಬುದೂ ನಿಜ.)

ಇನ್ನು ಮತ ಹಂಚಿಕೆಯ ವಾದ. ಒಕ್ಲಹೋಮಾ ಆ ವರ್ಷ ಹತ್ತಕ್ಕೆ ಹತ್ತೂ ಗೆದ್ದಿತ್ತು. ನೋಟರ್ ಡೇಮ್ ಅನ್ನು ಅದರ ಅಂಗಳದಲ್ಲೇ 40-0ರಿಂದ ಬಡಿದಿತ್ತು. ಟಬ್ಸ್ ಇಲ್ಲದಿದ್ದರೆ ಮೆಕ್‌ಡೊನಾಲ್ಡ್ ಗೆಲ್ಲುತ್ತಿದ್ದರು ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದ ಮಾತು. ಲೆಕ್ಕ ಹಾಕೋಣ. ಮೆಕ್‌ಡೊನಾಲ್ಡ್ ಹಾರ್ನಂಗ್‌ರನ್ನು ದಾಟಲು 94 ಅಂಕ ಬೇಕು. ಟಬ್ಸ್‌ರನ್ನು ಮೊದಲು ಬರೆದ 121 ಜನ ಮೆಕ್‌ಡೊನಾಲ್ಡ್‌ರನ್ನು ಎಲ್ಲೂ ಬರೆದಿರದಿದ್ದರೆ ಅವರಲ್ಲಿ 32 ಮಂದಿ ಮನಸ್ಸು ಬದಲಿಸಿದ್ದರೆ ಸಾಕು. ಮೂರನೆಯವರಾಗಿ ಬರೆದಿದ್ದರೆ 47 ಮಂದಿ. ಎರಡನೆಯವರಾಗಿ ಬರೆದಿದ್ದರೆ, ಒಬ್ಬೊಬ್ಬರಿಂದ ಹೆಚ್ಚುವುದು ಒಂದೇ ಅಂಕವಾದ್ದರಿಂದ, 94 ಮಂದಿ. ಮೂರು ಹೆಸರಿಗೆ ಜಾಗವಿರುವ ಚೀಟಿಯಲ್ಲಿ ಒಂದೇ ತಂಡದ ಇಬ್ಬರನ್ನು ಬರೆಯಲು ಅಡ್ಡಿ ಏನಿತ್ತು? ಈ ವಾದವನ್ನು ಮೊತ್ತದ ಪಟ್ಟಿಯಿಂದ ಸಾಧಿಸಲೂ ಆಗದು, ಅಲ್ಲಗಳೆಯಲೂ ಆಗದು. ಸಿದ್ಧಸತ್ಯವೆಂಬಂತೆ ಬರೆಯುವವರು ಇಷ್ಟು ಕೂಡಿ ಕಳೆಯುವ ಶ್ರಮವನ್ನೂ ತೆಗೆದುಕೊಂಡಿಲ್ಲ.

ಬ್ರೌನ್ ವಿಷಯವೇ ನಿಜವಾದ ಗಂಟು. ಅವರಿಗೆ 118 ಮೊದಲ, 70 ಎರಡನೇ, 67 ಮೂರನೇ ಸ್ಥಾನ: ಒಟ್ಟು 255 ಚೀಟಿಗಳಲ್ಲಿ ಹೆಸರು. ಹಾರ್ನಂಗ್ ಹೆಸರಿದ್ದದ್ದು 510ರಲ್ಲಿ, ಸರಿಯಾಗಿ ಎರಡರಷ್ಟು. ಬ್ರೌನ್ ಹೆಸರು ಬರೆದವರಲ್ಲಿ ಶೇ. 46.3 ಮಂದಿ ಅವರನ್ನು ಮೊದಲನೆಯವರಾಗಿಯೇ ಬರೆದರು. ಹಾರ್ನಂಗ್‌ಗೆ ಈ ಪ್ರಮಾಣ ಶೇ. 38.6. ವರ್ಣಭೇದವನ್ನು ಕಾಣುವವರಲ್ಲಿ ಕೆಲವರು ಇಲ್ಲಿಗೇ ನಿಂತು, ನೋಡಿದವರು ಮೆಚ್ಚಿದರು, ಉಳಿದವರು ಬಣ್ಣ ನೋಡಿ ಬಿಟ್ಟರು ಎನ್ನುತ್ತಾರೆ. ಅವಸರದ ತೀರ್ಮಾನ. ಬಿಳಿಯರಾದ ಮೆಕ್‌ಡೊನಾಲ್ಡ್‌ರ ಪ್ರಮಾಣವೂ ಶೇ. 46.5. ಈ ಶೇಕಡಾವಾರಿನಿಂದ ಬಣ್ಣದ ವಿಚಾರ ಏನೂ ಹೊರಡದು.

ಹೊರಡುವುದು ಬೇರೊಂದು ಕಡೆಯಿಂದ. ಐವರ ಮೊದಲ ಮತಗಳನ್ನು ಕೂಡಿದರೆ 813. ಮತದಾರರು ಕನಿಷ್ಠ ಅಷ್ಟು ಮಂದಿ ಇದ್ದರು. ಅವರಲ್ಲಿ ಕನಿಷ್ಠ 558 ಮಂದಿ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು, ಬ್ರೌನ್‌ರನ್ನು ಮೂರನೇ ಸಾಲಿನಲ್ಲೂ ಬರೆಯಲಿಲ್ಲ. ಎಂಟು ಪಂದ್ಯಗಳಲ್ಲಿ 986 ಗಜ ಓಡಿದವರು, ನವೆಂಬರ್ 17ರಂದು ಕೋಲ್‌ಗೇಟ್ ವಿರುದ್ಧ ಒಬ್ಬರೇ 43 ಅಂಕ ಗಳಿಸಿದವರು ಇವರು. (ಕಾಟನ್ ಬೌಲ್‌ನ 21 ಅಂಕಗಳನ್ನು ಇಲ್ಲಿಗೆ ಎಳೆದು ತರುವವರಿಗೆ ಒಂದು ಮಾತು: ಆ ಪಂದ್ಯ ನಡೆದದ್ದು 1957ರ ಜನವರಿ 1ರಂದು. ಮತ ಹಾಕಿದವರು ಜ್ಯೋತಿಷಿಗಳಲ್ಲ. ಕ್ಲೀವ್‌ಲ್ಯಾಂಡ್‌ನಲ್ಲಿ ಬ್ರೌನ್ ಮುಂದೆ ಗಳಿಸಿದ ಕೀರ್ತಿಗೂ ಇದೇ ಉತ್ತರ.) ಪೂರ್ವದ ತಂಡ, ಕಡಿಮೆ ಪಂದ್ಯ ಎಂಬ ಸಮಾಧಾನಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಟಬ್ಸ್‌ರನ್ನು ಪಕ್ಕಕ್ಕಿಟ್ಟು ನೋಡಿ. ಅವರು ಸೆಂಟರ್, ಚೆಂಡು ಹಿಡಿದು ಓಡುವ ಆಟಗಾರರಲ್ಲ, ಅಂಕಪಟ್ಟಿಯಲ್ಲಿ ಕಾಣುವವರಲ್ಲ. ಮೊದಲ ಸ್ಥಾನದಲ್ಲಿ ಬ್ರೌನ್‌ಗಿಂತ ಅವರು ಮುಂದಿದ್ದದ್ದು ಬರೀ ಮೂರು ಮತ. ಎರಡು ಮತ್ತು ಮೂರನೇ ಸ್ಥಾನಗಳಲ್ಲಿ? ಟಬ್ಸ್ 233, ಬ್ರೌನ್ 137. ಮೊದಲ ಸ್ಥಾನದಲ್ಲಿ ಸರಿಸಮವಾಗಿದ್ದ ಇಬ್ಬರ ನಡುವೆ 'ಇವರೂ ಇರಲಿ' ಎನ್ನುವ ಔದಾರ್ಯ ಒಬ್ಬರತ್ತಲೇ ಹೆಚ್ಚು ಹರಿದಿದೆ. ವರ್ಣದ ವಾದಕ್ಕೆ ಈ ಪಟ್ಟಿಯಲ್ಲಿ ಆಧಾರವಿದ್ದರೆ ಅದು ಈ 96ರ ಅಂತರ. ಪೂರ್ಣ ಪುರಾವೆ ಎನ್ನಲಾರೆ. ಆದರೆ ಉತ್ತರ ಹೇಳಬೇಕಾದವರು ಇನ್ನು ಅಲ್ಲಗಳೆಯುವವರು.

ಮೇಜರ್ಸ್ ಕಡೆಗೆ ನನ್ನ ಒಲವಿದೆ, ಮುಚ್ಚಿಡುವುದಿಲ್ಲ. ಬೌಲ್ ಪಂದ್ಯಕ್ಕೆ ಮುಂಚಿನ ಋತುವನ್ನು ಅಜೇಯವಾಗಿ ಮುಗಿಸಿದ ತಂಡದ ಆಟಗಾರ 72 ಅಂಕದಿಂದ ಸೋತದ್ದಕ್ಕೆ ಯಾರೂ ಮರುಗಿಲ್ಲ. ಅವರೇ ಮುಂದೆ ಕೋಚ್ ಆಗಿ ಪಿಟ್ಸ್‌ಬರ್ಗ್‌ಗೆ 1976ರ ರಾಷ್ಟ್ರೀಯ ಪಟ್ಟ ಗೆದ್ದುಕೊಟ್ಟರು. ಆ ವರ್ಷದ ಹೈಸ್‌ಮನ್ ಅವರ ಶಿಷ್ಯ ಟೋನಿ ಡಾರ್ಸೆಟ್‌ಗೆ ಬಂತು.

1961ರಲ್ಲಿ, ಬ್ರೌನ್ ಆಡಿದ್ದ ಅದೇ ಸಿರಕ್ಯೂಸ್‌ನ ಎರ್ನಿ ಡೇವಿಸ್ ಈ ಟ್ರೋಫಿ ಗೆದ್ದ ಮೊದಲ ಕಪ್ಪು ವರ್ಣೀಯ ಆಟಗಾರರಾದರು, ಒಹಾಯೊ ಸ್ಟೇಟ್‌ನ ಬಾಬ್ ಫರ್ಗುಸನ್‌ಗಿಂತ 53 ಅಂಕ ಮುಂದೆ. ಫರ್ಗುಸನ್ ಕೂಡ ಕಪ್ಪು ವರ್ಣೀಯರೇ. ಈ ಐದು ವರ್ಷಗಳಲ್ಲಿ ಏನು ಬದಲಾಯಿತು ಎಂದು ಬರೆಯಹೊರಡುವವರು, ದಯವಿಟ್ಟು, 1956ರ ಪಟ್ಟಿಯ ಎಲ್ಲ ಕಾಲಂಗಳನ್ನೂ ಮೊದಲು ಅಚ್ಚುಹಾಕಿ ಆಮೇಲೆ ವಾದ ಆರಂಭಿಸಲಿ.