ಕೋಲಾರ ಸೀಮೆಯ ಭಕ್ತಿಗೀತ ಪರಂಪರೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳಲ್ಲಿ ಮತ್ತು ಇವುಗಳ ನೆರೆಯ ಚಿಂತಾಮಣಿ ಭಾಗದಲ್ಲಿ ಹದಿನೈದನೆಯ ಶತಮಾನದಿಂದ ಈಚೆಗೆ ಬೆಳೆದ ದಾಸರ ಪದ, ತತ್ವಪದ, ಭಜನೆ ಮತ್ತು ದೇವರ ಹಾಡುಗಳ ಪರಂಪರೆ. ಇದರ ಎರಡು ಮುಖ್ಯ ನೆಲೆಗಳು ಮುಳಬಾಗಿಲಿನ ನರಸಿಂಹತೀರ್ಥ ಮತ್ತು ಕೈವಾರ. ಮೊದಲನೆಯದು ಶ್ರೀಪಾದರಾಜರದು, ಎರಡನೆಯದು ತಾತಯ್ಯನೆಂದು ಜನ ಕರೆಯುವ ಯೋಗಿ ನಾರೇಯಣ ಯತೀಂದ್ರರದು. ಮೊದಲನೆಯವರು ಮಠಾಧಿಪತಿ, ಸಂಸ್ಕೃತ ವಿದ್ವಾಂಸ. ಎರಡನೆಯವರು ಬಳೆಗಾರ ಬಲಿಜರ ಮನೆಯಲ್ಲಿ ಹುಟ್ಟಿ, ಮಲಾರ ಹೊತ್ತು ಊರೂರು ತಿರುಗಿದವರು. ಇಬ್ಬರೂ ತಮ್ಮ ಸುತ್ತಲಿನ ಜನರ ಮಾತಿನಲ್ಲೇ ಹಾಡು ಕಟ್ಟಿದರು.

ಸಾಹಿತ್ಯ ಚರಿತ್ರೆಗಳಲ್ಲಿ ಈ ಪರಂಪರೆ ತುಂಡಾಗಿ ಕಾಣಿಸಿಕೊಳ್ಳುತ್ತದೆ. ಹರಿದಾಸ ಸಾಹಿತ್ಯವನ್ನು ಕುರಿತ ಗ್ರಂಥಗಳು ಮುಳಬಾಗಿಲನ್ನು ಹಂಪೆಯ ದಾಸಕೂಟಕ್ಕೆ ಪೀಠಿಕೆಯಾಗಿ ನೋಡುತ್ತವೆ. ಕೈವಾರದ ಪದಗಳಲ್ಲಿ ತೆಲುಗಿನವು ಹೆಚ್ಚಾಗಿರುವುದರಿಂದ ಕನ್ನಡ ಚರಿತ್ರೆಕಾರರು ಅವನ್ನು ಸಂಕ್ಷೇಪವಾಗಿ ಮುಗಿಸುತ್ತಾರೆ. ಕವಿ ಕರ್ನಾಟಕದವರಾದ್ದರಿಂದ ತೆಲುಗು ಚರಿತ್ರೆಕಾರರೂ ಹಾಗೆಯೇ ಮಾಡುತ್ತಾರೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಗಿ ಚಿಂತಾಮಣಿ ತಾಲೂಕು ಅದಕ್ಕೆ ಸೇರಿದ ಮೇಲೆ ಕೈವಾರ ಕೋಲಾರ ಜಿಲ್ಲೆಯ ಪಟ್ಟಿಯಿಂದಲೂ ಬಿಟ್ಟುಹೋಯಿತು. ಹಾಡುವವರಿಗೆ ಮಾತ್ರ ಈ ಗಡಿಗಳಿಲ್ಲ.

ಹಿನ್ನೆಲೆ

ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಒಬ್ಬರಾದ ಮೇಲೊಬ್ಬರು ಆಳಿದ ಈ ನಾಡಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳ ಶಾಸನಗಳಿವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ (1905) ಇವು ಸೇರಿವೆ. ಕೋಲಾರಮ್ಮನ ಗುಡಿಯ ಗೋಡೆಗಳಲ್ಲಿ ತಮಿಳು ಶಾಸನಗಳಿದ್ದರೂ ಆ ತಾಯಿಯನ್ನು ಹಾಡಿ ಕರೆಯುವ ಜನ ಕನ್ನಡದವರು, ತೆಲುಗಿನವರು. ಒಂದೇ ದೇವರನ್ನು ಎರಡು ಮೂರು ಭಾಷೆಗಳಲ್ಲಿ ಕರೆಯುವುದು ಇಲ್ಲಿ ಹಳೆಯ ರೂಢಿ.

ಮೂಡಲ ಬಾಗಿಲು ಎಂಬುದೇ ಮುಳಬಾಗಿಲು ಆಯಿತೆಂದು ಹೇಳುತ್ತಾರೆ. ವಿಜಯನಗರದ ಕಾಲದಲ್ಲಿ ಇದು ಒಂದು ರಾಜ್ಯದ, ಅಂದರೆ ಪ್ರಾಂತದ, ಮುಖ್ಯ ಪಟ್ಟಣ. ಬುಕ್ಕರಾಯನ ಮಗ ಕುಮಾರ ಕಂಪಣ ಇಲ್ಲಿಂದ ಆಡಳಿತ ನಡೆಸಿದ. ಎರಡನೆಯ ದೇವರಾಯನ ಕಾಲದಲ್ಲಿ ಲಕ್ಕಣ್ಣ ಮತ್ತು ಮಾದಣ್ಣ ಸೋದರರು ಇಲ್ಲಿದ್ದರು. ಈ ಲಕ್ಕಣ್ಣನನ್ನೇ ‘ಶಿವತತ್ತ್ವಚಿಂತಾಮಣಿ’ ಬರೆದ ವೀರಶೈವ ಕವಿ ಲಕ್ಕಣ್ಣ ದಂಡೇಶನೆಂದು ಗುರುತಿಸಲಾಗುತ್ತದೆ. ತಿರುಪತಿಗೆ ಹೋಗುವ ದಾರಿಯೂ ಇದೇ ಊರಿನ ಮೂಲಕ ಹಾಯುತ್ತದೆ. ಆಡಳಿತದ ಕೇಂದ್ರವೂ ಯಾತ್ರೆಯ ದಾರಿಯೂ ಆಗಿದ್ದ ಊರಿನಲ್ಲಿ ಮಠದ ವಿದ್ಯೆ ಬೀದಿಯ ಜನರನ್ನು ಮುಟ್ಟುವುದು ಸುಲಭವಾಯಿತು.

ಶ್ರೀಪಾದರಾಜರು: ಕಾಲದ ಪ್ರಶ್ನೆ

ಶ್ರೀಪಾದರಾಜರ ಆಶ್ರಮನಾಮ ಲಕ್ಷ್ಮೀನಾರಾಯಣತೀರ್ಥ. ಹುಟ್ಟೂರು ಚನ್ನಪಟ್ಟಣದ ಬಳಿಯ ಅಬ್ಬೂರು. ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರ ಪರಂಪರೆಯ ಸ್ವರ್ಣವರ್ಣತೀರ್ಥರು ಇವರ ಗುರುಗಳು. ಜಯತೀರ್ಥರ ‘ನ್ಯಾಯಸುಧಾ’ಕ್ಕೆ ‘ವಾಗ್ವಜ್ರ’ ಎಂಬ ಟೀಕೆಯನ್ನು ಬರೆದರು. ಪದ್ಮನಾಭತೀರ್ಥರ ಆ ಪೀಠಕ್ಕೆ ಇಂದು ಶ್ರೀಪಾದರಾಜ ಮಠವೆಂಬ ಹೆಸರೇ ನಿಂತಿದೆ.

ಇವರ ಕಾಲದ ಬಗ್ಗೆ ಒಮ್ಮತವಿಲ್ಲ. 1404ರಿಂದ 1502ರವರೆಗೆ ಬಾಳಿದರೆಂಬುದು ಭಕ್ತಿಪರಂಪರೆಯಲ್ಲಿ ಪ್ರಚಲಿತವಾಗಿರುವ ಲೆಕ್ಕ. ಆಧುನಿಕ ಬರಹಗಳಲ್ಲಿ ಸುಮಾರು 1422ರಿಂದ 1480 ಎಂಬ ಲೆಕ್ಕವೂ ಇದೆ. ವ್ಯತ್ಯಾಸ ಸಣ್ಣದಲ್ಲ, ಮೂರು ವಿಷಯಗಳು ಇದನ್ನು ಅವಲಂಬಿಸಿವೆ.

ಮೊದಲನೆಯದು ಸಾಳುವ ನರಸಿಂಹನ ಸಂಬಂಧ. ಬ್ರಹ್ಮಹತ್ಯೆಯ ದೋಷದಿಂದ ಅವನನ್ನು ಶ್ರೀಪಾದರಾಜರು ಪಾರುಮಾಡಿದರೆಂಬ ಐತಿಹ್ಯವಿದೆ. ಸಾಳುವ ನರಸಿಂಹ ವಿಜಯನಗರದ ಸಿಂಹಾಸನವೇರಿದ್ದು 1485ರಲ್ಲಿ. ಎರಡನೆಯ ಲೆಕ್ಕ ಸರಿಯಾದರೆ ಶ್ರೀಪಾದರಾಜರನ್ನು ಕಂಡಾಗ ಅವನಿನ್ನೂ ಚಂದ್ರಗಿರಿಯ ಪ್ರಬಲ ನಾಯಕ, ಚಕ್ರವರ್ತಿಯಲ್ಲ. ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ವೂ ಈ ಮಾತಿಗೆ ಹೊಂದುತ್ತದೆ: ಶ್ರೀಪಾದರಾಜರ ಶಿಷ್ಯರಾದ ವ್ಯಾಸರಾಯರು ಮುಳಬಾಗಿಲಿನಲ್ಲಿ ಓದಿ, ಗುರುಗಳ ಸೂಚನೆಯಂತೆ ಸಾಳುವ ನರಸಿಂಹನ ಚಂದ್ರಗಿರಿಗೆ ತೆರಳಿದರೆಂದು ಅದು ಹೇಳುತ್ತದೆ.

ಎರಡನೆಯದು ವ್ಯಾಸರಾಯರ ವ್ಯಾಸಂಗ. ಅವರ ಜನನವನ್ನು 1460 ಎಂದಿಟ್ಟು, ಗುರುವಿನ ನಿಧನವನ್ನು 1480 ಎಂದಿಟ್ಟರೆ ಮುಳಬಾಗಿಲಿನ ಓದು ಇಪ್ಪತ್ತು ವಯಸ್ಸಿನೊಳಗೇ ಮುಗಿದಿರಬೇಕಾಗುತ್ತದೆ. ಆದ್ದರಿಂದ ಕೆಲವರು ಶಿಷ್ಯರ ಜನನವನ್ನು ಹಿಂದಕ್ಕೂ ಕೆಲವರು ಗುರುಗಳ ನಿಧನವನ್ನು ಮುಂದಕ್ಕೂ ತಳ್ಳುತ್ತಾರೆ.

ಮೂರನೆಯದು ಪುರಂದರದಾಸರ ಭೇಟಿ. ಪುರಂದರರ ಜನನವನ್ನು ಸಾಮಾನ್ಯವಾಗಿ 1484 ಎನ್ನುತ್ತಾರೆ. ಶ್ರೀಪಾದರಾಜರು 1480ರಲ್ಲಿ ತೀರಿಕೊಂಡಿದ್ದರೆ ಇಬ್ಬರೂ ಸಂಧಿಸಲಾರರು. 1502ರವರೆಗೆ ಇದ್ದರೆಂದರೂ ಆಗ ಪುರಂದರರು ಹದಿನೆಂಟರ ತರುಣ, ದಾಸದೀಕ್ಷೆ ಇನ್ನೂ ದೂರವಿತ್ತು. ಯಾವ ಲೆಕ್ಕ ಹಿಡಿದರೂ ಮುಳಬಾಗಿಲಿನ ಹಾಡು ಪುರಂದರರನ್ನು ಮುಟ್ಟಿದ್ದು ವ್ಯಾಸರಾಯರ ಮೂಲಕವೇ. ಜನಪ್ರಿಯ ಕಥನಗಳಲ್ಲಿ ಮೂವರನ್ನೂ ಒಂದೇ ಸಭೆಯಲ್ಲಿ ಕೂರಿಸುವುದು ಭಕ್ತಿಯ ಚಿತ್ರಣ, ಕಾಲಾನುಕ್ರಮವಲ್ಲ.

ಕನ್ನಡ ಹಾಡು ಪೂಜೆಯೊಳಗೆ ಬಂದದ್ದು

ಮೊದಲ ಹರಿದಾಸರು ಯಾರು ಎಂಬುದೂ ಚರ್ಚೆಯ ವಿಷಯ. 1333ರಲ್ಲಿ ನಿಧನರಾದ ನರಹರಿತೀರ್ಥರ ಹೆಸರಿನಲ್ಲಿ ಕೆಲವೇ ಕನ್ನಡ ಪದಗಳು ದೊರೆತಿವೆ. ಅವರ ನಂತರ ಒಂದು ಶತಮಾನಕ್ಕೂ ಮಿಕ್ಕಿ ಎಳೆ ಕಾಣದು. ಹಾಡಿನ ಪರಂಪರೆ ಕಡಿಯದೆ ಹರಿದುಬಂದದ್ದು ಶ್ರೀಪಾದರಾಜರಿಂದ. ಹರಿದಾಸ ಪಿತಾಮಹರೆಂಬ ಬಿರುದು ಅವರಿಗೆ ಸಲ್ಲುವುದು ಈ ಕಾರಣಕ್ಕೆ.

ಅವರ ಅಂಕಿತ ‘ರಂಗವಿಠಲ’. ಪಂಢರಪುರದಲ್ಲಿ ಭೀಮಾ ನದಿಯ ದಡದಲ್ಲಿ ಅವರಿಗೆ ದೊರೆತ ವಿಗ್ರಹದಿಂದ ಈ ಹೆಸರು ಬಂತೆಂದು ಐತಿಹ್ಯ. ಜೊತೆಗೆ ಸಿಕ್ಕ ಇನ್ನೊಂದು ಪೆಟ್ಟಿಗೆ ಗುರುಗಳಿಗೆ ತೆರೆಯಲಿಲ್ಲ, ಮುಳಬಾಗಿಲಿನಲ್ಲಿ ಓದುತ್ತಿದ್ದ ವ್ಯಾಸರಾಯರು ತೆರೆದಾಗ ಒಳಗಿನ ಕೃಷ್ಣ ಕುಣಿದ, ಶಿಷ್ಯರು ಸಾಲಿಗ್ರಾಮಗಳನ್ನೇ ತಾಳವಾಗಿ ಹಿಡಿದರು ಎಂಬ ಕಥೆಯೂ ಇದೆ. ಚರಿತ್ರೆಯ ಆಧಾರವಾಗಿ ಇದನ್ನು ಬಳಸಲಾಗದು. ಆದರೆ ಪೂಜೆಯ ಪವಿತ್ರ ಶಿಲೆ ತಾಳವಾಯಿತು ಎಂಬ ಕಲ್ಪನೆ, ಹಾಡೂ ಪೂಜೆಯೇ ಎಂಬ ನಂಬಿಕೆ ಈ ಮಠದಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂದು ತೋರಿಸುತ್ತದೆ.

ಭಾಗವತದ ದಶಮಸ್ಕಂಧವನ್ನು ಆಧರಿಸಿದ ‘ಭ್ರಮರಗೀತೆ’, ‘ವೇಣುಗೀತೆ’, ‘ಗೋಪೀಗೀತೆ’, ಜೊತೆಗೆ ‘ಲಕ್ಷ್ಮೀನೃಸಿಂಹ ಪ್ರಾದುರ್ಭಾವ ದಂಡಕ’, ಕೀರ್ತನೆಗಳು, ಉಗಾಭೋಗಗಳು, ಸುಳಾದಿಗಳು ಅವರ ಕನ್ನಡ ರಚನೆಗಳು. ಒಂದೇ ರಚನೆಯ ಬೇರೆಬೇರೆ ಖಂಡಗಳನ್ನು ಬೇರೆಬೇರೆ ತಾಳಗಳಲ್ಲಿ ಹಾಡಿ ‘ಜತೆ’ ಎಂಬ ಕೊನೆಯ ಖಂಡದಿಂದ ಮುಗಿಸುವ ಸುಳಾದಿಯ ಕ್ರಮ ದಾಸಸಾಹಿತ್ಯದಲ್ಲಿ ಇವರಿಂದ ಮೊದಲಾಯಿತೆಂಬ ಅಭಿಪ್ರಾಯ ವ್ಯಾಪಕವಾಗಿದೆ.

ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ತಲುಪಿದ್ದು ‘ಮಧ್ವನಾಮ’. ಇಂದು ಹಾಡುವ ಪಾಠದ ಕೊನೆಯಲ್ಲಿರುವ ಫಲಸ್ತುತಿ ಮಾನ್ವಿಯ ಜಗನ್ನಾಥದಾಸರದು (1728–1809). ಮೂಲ ರಚನೆಗೂ ಫಲಸ್ತುತಿಗೂ ಸುಮಾರು ಮೂರು ಶತಮಾನಗಳ ಅಂತರ. ಮುಳಬಾಗಿಲಿನ ಹಾಡು ರಾಯಚೂರು ಸೀಮೆಯಲ್ಲಿ ಅಷ್ಟುಕಾಲ ಬಾಯಲ್ಲಿ ಉಳಿದಿತ್ತು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಬಾಯಿಂದ ಬಾಯಿಗೆ ಬಂದುದರ ತೊಡಕೂ ಉಂಟು. ರಂಗವಿಠಲ, ಪುರಂದರವಿಠಲ ಎಂಬ ಅಂಕಿತಗಳಲ್ಲಿ ಬೇರೆಯಾಗಿರುವುದು ಮೊದಲ ಪದ ಮಾತ್ರ. ಹಾಡುವವರ ನಾಲಿಗೆಯಲ್ಲಿ ಇವು ಅದಲುಬದಲಾಗಿ, ಒಂದೇ ಪದ ಇಬ್ಬರ ಹೆಸರಿನಲ್ಲೂ ಸಿಗುವುದುಂಟು. 1850ರ ಸುಮಾರಿಗೆ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದಂದಿನಿಂದ ಪಾಠ ನಿರ್ಣಯ ಸಂಪಾದಕರ ಮುಂದಿನ ದೊಡ್ಡ ಕೆಲಸವಾಗಿ ಉಳಿದಿದೆ.

ಕೈವಾರದ ತಾತಯ್ಯ

ನಾರೇಯಣ ಯತೀಂದ್ರರು 1726ರಲ್ಲಿ ಹುಟ್ಟಿ 1836ರಲ್ಲಿ ಸಮಾಧಿಸ್ಥರಾದರು, ನೂರಹತ್ತು ವರ್ಷ ಬಾಳಿದರು ಎಂಬುದು ಭಕ್ತರ ನಂಬಿಕೆ. ಹುಟ್ಟುಹೆಸರು ನಾರಾಯಣಪ್ಪ. ಬಳೆ ವ್ಯಾಪಾರ ಬಿಟ್ಟು, ಕೈವಾರದ ಬೆಟ್ಟದ ಗವಿಯಲ್ಲಿ ತಪಸ್ಸು ಮಾಡಿ, ಹಾಡಲು ತೊಡಗಿದರೆಂದು ಕಥೆ. ಕೈವಾರದ ಅಮರನಾರಾಯಣ ಇವರ ಆರಾಧ್ಯದೈವ, ಅವನ ಹೆಸರೇ ಅಂಕಿತ.

ಇವರ ‘ಕಾಲಜ್ಞಾನ’ ಮತ್ತು ‘ಅಮರನಾರೇಯಣ ಶತಕ’ ತೆಲುಗಿನವು. ಕೀರ್ತನೆಗಳು ತೆಲುಗಿನಲ್ಲೂ ಕನ್ನಡದಲ್ಲೂ ಇವೆ. ಕಾಲಜ್ಞಾನವೆಂಬ ಪ್ರಕಾರದಲ್ಲಿ ಇವರಿಗೆ ಹಿಂದಿನವರು ಆಂಧ್ರದ ಪೋತುಲೂರಿ ವೀರಬ್ರಹ್ಮಂ. ಕಾಲದ ದೃಷ್ಟಿಯಿಂದ ತ್ಯಾಗರಾಜರೂ (1767–1847) ಇವರ ಸಮಕಾಲೀನರೇ. ಆದರೆ ಇಬ್ಬರ ದಾರಿ ಬೇರೆ. ತ್ಯಾಗರಾಜರ ಕೃತಿಗಳು ಗುರುಶಿಷ್ಯ ಪರಂಪರೆಯ ಮೂಲಕ ಸಭಾ ಸಂಗೀತವಾದವು. ತಾತಯ್ಯನ ಪದಗಳು ಊರಿನ ಭಜನೆಯಲ್ಲೇ ನಿಂತವು. ರಾಮಭಕ್ತಿ, ಯೋಗ, ಗುರುಸೇವೆ, ಜಾತಿಯ ಜಂಬದ ನಿರಾಕರಣೆ ಇವು ಅವುಗಳ ವಸ್ತು.

ಈ ಪದಗಳು ಯಾವ ಭಾಷೆಯ ಸಾಹಿತ್ಯ ಎಂಬ ಪ್ರಶ್ನೆಗೆ ಉತ್ತರ ಅವುಗಳ ಪುಸ್ತಕಗಳಲ್ಲೇ ಇದೆ. ಈ ಸೀಮೆಯಲ್ಲಿ ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು, ಅಚ್ಚು ಹಾಕುವುದು ವಾಡಿಕೆ. ಮನೆಯಲ್ಲಿ ತೆಲುಗಾಡಿ ಶಾಲೆಯಲ್ಲಿ ಕನ್ನಡ ಓದುವ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗರಿಗೆ ಇದು ಸಹಜ. ಇದನ್ನು ಎರಡರಲ್ಲಿ ಒಂದು ಭಾಷೆಗೆ ಸೇರಿಸಹೊರಟರೆ ಪರಂಪರೆಯ ಸ್ವರೂಪವೇ ಕೈತಪ್ಪುತ್ತದೆ.

ಭಜನೆಮನೆ ಮತ್ತು ಊರು

ಬರೆದಿಟ್ಟ ಕೃತಿಗಳನ್ನಷ್ಟೇ ಎಣಿಸಿದರೆ ಈ ಪರಂಪರೆಯ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಊರಿನ ರಾಮಮಂದಿರ ಅಥವಾ ಭಜನೆಮನೆಯಲ್ಲಿದೆ. ಹಾರ್ಮೋನಿಯಂ, ತಬಲ ಅಥವಾ ಮೃದಂಗ, ತಾಳ, ಒಬ್ಬ ಮುಮ್ಮೇಳದವ. ಅವನು ಹಾಡಿದ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಓದು ಬಾರದವನೂ ಹೀಗೆ ನೂರಾರು ಪದಗಳನ್ನು ಬಾಯಿಪಾಠ ಮಾಡುತ್ತಾನೆ. ಶ್ರಾವಣದ ಶನಿವಾರ, ಧನುರ್ಮಾಸದ ಬೆಳಗಿನ ಜಾವ, ರಾಮನವಮಿ, ವೈಕುಂಠ ಏಕಾದಶಿ ಇವು ಭಜನೆಯ ದಿನಗಳು. ಶ್ರಾವಣ ಶನಿವಾರಗಳಲ್ಲಿ ಮಾಲೂರು ತಾಲೂಕಿನ ಚಿಕ್ಕತಿರುಪತಿಗೆ ಭಕ್ತರು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಹೆಜ್ಜೆಯಿಟ್ಟು ಕುಣಿಯುತ್ತ ಹಾಡುವ ಚೆಕ್ಕಭಜನೆ, ಪಂಢರಿ ಭಜನೆ, ಕೋಲಾಟಗಳು ಗಡಿಯಾಚೆಯ ಚಿತ್ತೂರು, ಅನಂತಪುರ ಸೀಮೆಗಳಿಗೂ ಇಲ್ಲಿಗೂ ಸಮಾನ.

ತತ್ವಪದಗಳಿಗೆ ಇನ್ನೊಂದು ಹೊತ್ತಿದೆ. ಊರಿನಲ್ಲಿ ಸಾವಾದರೆ ಹೆಣದ ಬಳಿ ರಾತ್ರಿಯಿಡೀ ಭಜನೆಯವರು ಕೂತು ತತ್ವ ಹಾಡುತ್ತಾರೆ. ದೇಹದ ನಶ್ವರತೆಯನ್ನು ಹೇಳುವ ಪದಗಳು ಆ ರಾತ್ರಿ ಸತ್ತವರ ಮನೆಯವರಿಗೆ ಜೊತೆಯಾಗುತ್ತವೆ. ಇದು ವೇದಿಕೆಯ ಕಲೆಯಲ್ಲ, ನೆರೆಹೊರೆಯವರು ಒಬ್ಬರಿಗೊಬ್ಬರು ಸಲ್ಲಿಸುವ ಋಣ.

ಮಾಧ್ವ ಮನೆಗಳಲ್ಲಿ ದಾಸರ ಪದಗಳನ್ನು ಉಳಿಸಿದವರು ಹೆಚ್ಚಾಗಿ ಹೆಂಗಸರು. ಬರೆದುಕೊಂಡ ಹಾಡಿನ ಪುಸ್ತಕ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ದಾಟುತ್ತ ಬಂತು. ಊರಮ್ಮನ ಜಾತ್ರೆಯಲ್ಲಿ ದೇವರನ್ನು ಎಬ್ಬಿಸುವುದು ತಮಟೆ. ಅದನ್ನು ಬಡಿದವರು ದಲಿತರು. ಭಕ್ತಿಸಂಗೀತದ ಗ್ರಂಥಗಳಲ್ಲಿ ತಮಟೆಗೆ ಅಧ್ಯಾಯವಿಲ್ಲ. ಅದಿಲ್ಲದೆ ಈ ಸೀಮೆಯ ಒಂದು ಜಾತ್ರೆಯೂ ನಡೆದಿಲ್ಲ ಎನ್ನುವುದನ್ನು ಇಲ್ಲಿ ದಾಖಲಿಸಬೇಕು.

ಇಪ್ಪತ್ತನೆಯ ಶತಮಾನ ಮತ್ತು ಈಚೆಗೆ

ಹೊಸಗನ್ನಡದ ಇಬ್ಬರು ಹಿರಿಯರು ಈ ಮಣ್ಣಿನವರು. ಮಾಲೂರು ತಾಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮೊದಲ ಕವನಸಂಗ್ರಹ ‘ಬಿನ್ನಹ’ (1922) ದೇವರಿಗೆ ಮಾಡಿಕೊಂಡ ಅರಿಕೆಗಳದು. ಮುಂದೆ ಅವರು ಪುರಂದರದಾಸರನ್ನು ಕುರಿತು ನಾಟಕವನ್ನೂ ಬರೆದರು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ (1943) ಭಕ್ತಿಗೀತೆಯಲ್ಲ. ಆದರೂ ಗಮಕಿಗಳ ಕಂಠದಿಂದ ಅದು ಭಜನಾ ಮಂಡಳಿಗಳನ್ನೂ ಸೇರಿತು. 1961ರಲ್ಲಿ ರಾಜಕುಮಾರ್ ಅಭಿನಯದ ‘ಕೈವಾರ ಮಹಾತ್ಮೆ’ ಚಲನಚಿತ್ರ ತಾತಯ್ಯನ ಹೆಸರನ್ನು ನಾಡಿನ ಉದ್ದಗಲಕ್ಕೆ ಒಯ್ದಿತು.

ತಿರುಮಲ ತಿರುಪತಿ ದೇವಸ್ಥಾನದ ದಾಸಸಾಹಿತ್ಯ ಯೋಜನೆ ಭಜನಾ ಮಂಡಳಿಗಳಿಗೆ ಪದಗಳನ್ನು ಕಲಿಸಿ ಬೆಟ್ಟಕ್ಕೆ ಕರೆಸಿಕೊಳ್ಳುವ ಏರ್ಪಾಡು ಮಾಡಿತು. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ನಾಡಿನ ತತ್ವಪದಗಳನ್ನು ಸಂಪುಟಗಳಲ್ಲಿ ಸಂಗ್ರಹಿಸಿತು. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಡಿಗರು ಕಟ್ಟಿದ ‘ಆದಿಮ’ ಹುಣ್ಣಿಮೆಯ ರಾತ್ರಿಗಳಲ್ಲಿ ‘ಹುಣ್ಣಿಮೆ ಹಾಡು’ ನಡೆಸಿತು. ತಮಟೆ, ತತ್ವಪದ, ಹೋರಾಟದ ಹಾಡು, ನಾಟಕ ಅಲ್ಲಿ ಒಂದೇ ಬಯಲಿನಲ್ಲಿ ಸೇರಿದವು.

ಆರಾಧನೆಗಳು

ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನವಿದೆ. ಪ್ರತಿವರ್ಷ ಜ್ಯೇಷ್ಠ ಶುದ್ಧ ಚತುರ್ದಶಿಯಂದು ಅಲ್ಲಿ ಅವರ ಆರಾಧನೆ ನಡೆಯುತ್ತದೆ. ಕೈವಾರದಲ್ಲಿ ಗುರುಪೂರ್ಣಿಮೆಯ ಸಂದರ್ಭದಲ್ಲಿ ಮೂರು ದಿನ ಹಗಲಿರುಳು ಸಂಗೀತೋತ್ಸವ ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ ಹಳ್ಳಿಯ ಭಜನೆ ತಂಡಗಳೂ ಅಲ್ಲಿ ಹಾಡುತ್ತಾರೆ. ಗುರುಪೂರ್ಣಿಮೆ ಬರುವುದು ಆಷಾಢದ ಹುಣ್ಣಿಮೆಗೆ. ಎರಡು ಉತ್ಸವಗಳ ನಡುವಿನ ಅಂತರ ಒಂದು ತಿಂಗಳು, ಒಂದು ತಿಥಿ.