ಅಂಗವಿಕಲ ವಿದ್ಯಾರ್ಥಿಗಳ ಉಚ್ಚ ಶಿಕ್ಷಣವೂ ಉದ್ಯೋಗಮಾರ್ಗವೂ

ವಿದ್ಯಾದಾನವು ದಾನಗಳಲ್ಲಿ ಶ್ರೇಷ್ಠವೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ಆ ದಾನವು ಸಾರ್ಥಕವಾಗಬೇಕಾದರೆ ಅದನ್ನು ಸ್ವೀಕರಿಸುವವನು ದಾನ ನಡೆಯುವ ಸ್ಥಳವನ್ನು ಬಂದು ಮುಟ್ಟುವಂತಿರಬೇಕು. ಅನ್ನಸತ್ರದ ಬಾಗಿಲು ತೆರೆದೇ ಇದ್ದರೂ ಅದರ ಮೆಟ್ಟಿಲುಗಳು ಹಸಿದವನ ಶಕ್ತಿಗೆ ಮೀರಿದುವಾದರೆ, ಆ ಸತ್ರವು ಅವನ ಪಾಲಿಗೆ ಮುಚ್ಚಿದ ಹಾಗೆಯೇ ಸರಿ. ಅಂಗವಿಕಲರಾದ ವಿದ್ಯಾರ್ಥಿಗಳಿಗೂ ಉಚ್ಚ ವಿದ್ಯಾಲಯಗಳಿಗೂ ನಡುವೆ ಬಹುಕಾಲದವರೆಗೆ ಇದ್ದ ಸಂಬಂಧವು ಇಂಥದೇ ಆಗಿತ್ತು. ಆ ಮೆಟ್ಟಿಲುಗಳು ಹೇಗೆ ಕರಗುತ್ತ ಬಂದುವು, ಯಾರ ಪ್ರಯತ್ನದಿಂದ ಕರಗಿದುವು ಎಂಬುದು ಮನನ ಮಾಡತಕ್ಕ ಇತಿಹಾಸವಾಗಿದೆ.

ಈ ಇತಿಹಾಸದಲ್ಲಿ ಮೊದಲು ಕಾಣುವುದು ಪ್ರತ್ಯೇಕ ವಿದ್ಯಾಲಯಗಳು. ಕ್ರಿ. ಶ. 1864ರಲ್ಲಿ ಅಮೇರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ನರು, ವಾಷಿಂಗ್ಟನ್ ನಗರದಲ್ಲಿದ್ದ ಕಿವುಡರ ಸಂಸ್ಥೆಯೊಂದಕ್ಕೆ ಕಾಲೇಜಿನ ಪದವಿಗಳನ್ನು ಕೊಡುವ ಅಧಿಕಾರವನ್ನಿತ್ತ ಶಾಸನಕ್ಕೆ ಅಂಕಿತ ಹಾಕಿದರು. ಇದೇ ಮುಂದೆ ಗ್ಯಾಲಡೆಟ್ ವಿಶ್ವವಿದ್ಯಾಲಯವೆಂದು ಪ್ರಸಿದ್ಧವಾಯಿತು. ಅಲ್ಲಿ ಅನೇಕ ತಲೆಮಾರುಗಳ ಕಿವುಡ ತರುಣರು ಪದವೀಧರರಾದರು. ಆದರೂ ಆ ಸಂಸ್ಥೆಯ ಅಧ್ಯಕ್ಷಪೀಠದಲ್ಲಿ ಕಿವುಡರೊಬ್ಬರು ಕುಳಿತದ್ದು 1988ರಲ್ಲಿ, ವಿದ್ಯಾರ್ಥಿಗಳು ದೊಡ್ಡ ಚಳವಳಿಯನ್ನು ಹೂಡಿದ ತರುವಾಯವೇ. ವಿದ್ಯೆಯನ್ನು ಕೊಡುವುದಕ್ಕೂ, ವಿದ್ಯೆ ಪಡೆದವನನ್ನು ಅದಕ್ಕೆ ತಕ್ಕ ಸ್ಥಾನದಲ್ಲಿ ಕುಳ್ಳಿರಿಸುವುದಕ್ಕೂ ನಡುವೆ 124 ವರುಷಗಳು ಕಳೆದುವೆಂಬುದು ಇದರಿಂದ ವಿದಿತವಾಗುತ್ತದೆ.

ಎಲ್ಲರೂ ಓದುವ ಸಾಮಾನ್ಯ ವಿಶ್ವವಿದ್ಯಾಲಯದಲ್ಲಿಯೇ ಅಂಗವಿಕಲರಿಗೂ ಎಡೆ ಮಾಡಿಕೊಟ್ಟ ಪ್ರಯತ್ನಗಳಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ್ದು ಅಗ್ರಗಣ್ಯವಾದುದು. ಎರಡನೆಯ ಮಹಾಯುದ್ಧದಲ್ಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡ ಸೈನಿಕರು ಅನೇಕರಿದ್ದರು. ಯುದ್ಧದಿಂದ ಮರಳಿದವರ ವಿದ್ಯಾಭ್ಯಾಸದ ವೆಚ್ಚವನ್ನು ಸರಕಾರವೇ ವಹಿಸುವಂತೆ 1944ರಲ್ಲಿ ಶಾಸನವಾಗಿತ್ತು. ಹಣವೇನೋ ದೊರೆಯಿತು, ಗಾಲಿಕುರ್ಚಿಯು ಒಳಗೆ ಹೋಗಬಲ್ಲ ಕಾಲೇಜು ದೊರೆಯಲಿಲ್ಲ. 1948ರಲ್ಲಿ ಟಿಮೋತಿ ನ್ಯೂಜಂಟರೆಂಬವರು ಗೇಲ್ಸ್‌ಬರ್ಗ್ ಎಂಬ ಊರಿನಲ್ಲಿ, ಹಿಂದೆ ಸೈನ್ಯದ ಆಸ್ಪತ್ರೆಯಾಗಿದ್ದ ಕಟ್ಟಡಗಳಲ್ಲಿ ನಡೆಯುತ್ತಿದ್ದ ವಿಶ್ವವಿದ್ಯಾಲಯದ ಶಾಖೆಯಲ್ಲಿ ಇಂಥವರಿಗಾಗಿ ವ್ಯವಸ್ಥೆಯೊಂದನ್ನು ಆರಂಭಿಸಿದರು. ಮರುವರುಷವೇ ಆ ಶಾಖೆಯನ್ನು ಮುಚ್ಚುವ ನಿರ್ಣಯವಾಯಿತು. ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ; ಪ್ರಾಂತದ ರಾಜಧಾನಿಯಾದ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ತಮ್ಮ ಅಹವಾಲನ್ನು ಸಾರ್ವಜನಿಕವಾಗಿ ಮಂಡಿಸಿದರು. ಕಡೆಗೆ ಅವರಿಗೆ ಅರ್ಬಾನಾ ನಗರದ ಮುಖ್ಯ ವಿದ್ಯಾಲಯದಲ್ಲಿ ಎಡೆ ದೊರೆಯಿತು. ಅಲ್ಲಿ ಮೆಟ್ಟಿಲುಗಳಿದ್ದೆಡೆ ಇಳಿಜಾರು ದಾರಿಗಳು ನಿರ್ಮಿತವಾದುವು. ಗಾಲಿಕುರ್ಚಿಯನ್ನು ಮೇಲಕ್ಕೆತ್ತಿಕೊಳ್ಳುವ ಸಾಧನವುಳ್ಳ ಬಸ್ಸುಗಳು ಓಡಾಡಿದುವು. ಕೆಲಸ ಮಾಡಬಲ್ಲ ದೇಹದಾರ್ಢ್ಯವು ಬರಲೆಂದು ಆಟಗಳಿಗೂ ನ್ಯೂಜಂಟರು ಪ್ರಾಶಸ್ತ್ಯವನ್ನು ಕೊಟ್ಟರು.

ಇದಕ್ಕಿಂತಲೂ ಬೋಧಪ್ರದವಾದ ವೃತ್ತಾಂತವು ಕ್ಯಾಲಿಫೋರ್ನಿಯಾ ಪ್ರಾಂತದ ಬರ್ಕ್ಲಿಯದು. ಅದರ ನಾಯಕರು 1939ರಲ್ಲಿ ಜನಿಸಿದ ಎಡ್ ರಾಬರ್ಟ್ಸರು. 14ನೆಯ ವಯಸ್ಸಿನಲ್ಲಿ ಇವರಿಗೆ ಪೋಲಿಯೋ ರೋಗವು ತಗಲಿ ಕತ್ತಿನಿಂದ ಕೆಳಗೆ ಅಂಗಗಳು ಬಹುಮಟ್ಟಿಗೆ ನಿಶ್ಚೇಷ್ಟಿತವಾದುವು. ರಾತ್ರಿಯಲ್ಲಿ ಉಸಿರಾಟಕ್ಕಾಗಿ, ಜನರು ಕಬ್ಬಿಣದ ಶ್ವಾಸಕೋಶವೆಂದು ಕರೆಯುವ ಭಾರವಾದ ಯಂತ್ರದಲ್ಲಿ ಮಲಗಬೇಕಾಗಿತ್ತು. ಪ್ರೌಢಶಾಲೆಯ ಪಾಠಗಳನ್ನು ಮೊದಮೊದಲು ಮನೆಯಿಂದಲೇ ದೂರವಾಣಿಯ ಮೂಲಕ ಕೇಳಿದರು. ಕಡೆಗೆ ವ್ಯಾಯಾಮದ ಪಾಠವನ್ನೂ ಮೋಟಾರು ನಡೆಸುವ ಪಾಠವನ್ನೂ ಪೂರೈಸಿಲ್ಲವೆಂಬ ಕಾರಣದಿಂದ ಶಾಲೆಯವರು ಪ್ರಮಾಣಪತ್ರವನ್ನು ಕೊಡಲು ಹಿಂದೆಗೆದರು. ತಾಯಿಯಾದ ಜೋನಾ ರಾಬರ್ಟ್ಸರು ಮೇಲಿನವರೆಗೂ ಹೋಗಿ ವಾದಿಸಿ ಅದನ್ನು ದೊರಕಿಸಿದರು.

ಕಾಲೇಜಿನ ವೆಚ್ಚಕ್ಕಾಗಿ ರಾಬರ್ಟ್ಸರು ಪ್ರಾಂತದ ಪುನರ್ವಸತಿ ಇಲಾಖೆಯನ್ನು ಆಶ್ರಯಿಸಿದರು. ಅಂಗವಿಕಲರನ್ನು ಉದ್ಯೋಗಕ್ಕೆ ಅಣಿಗೊಳಿಸುವುದೇ ಆ ಇಲಾಖೆಯ ಕರ್ತವ್ಯ. ಆದರೆ ಇಲಾಖೆಯವರು, ಈ ತರುಣನು ಎಂದಿಗೂ ಉದ್ಯೋಗ ಮಾಡಲಾರನು, ಆದುದರಿಂದ ಇವನ ವಿದ್ಯೆಗೆ ಹಣ ಕೊಡುವುದು ನಿಷ್ಫಲವೆಂದು ತೀರ್ಮಾನಿಸಿದರು. ಪತ್ರಿಕೆಗಳಲ್ಲಿ ಈ ಸಂಗತಿಯು ಪ್ರಕಟವಾಗಲು ಆ ತೀರ್ಮಾನವು ಬದಲಾಯಿತು. 1962ರಲ್ಲಿ ಅವರು ಬರ್ಕ್ಲಿಯನ್ನು ಸೇರಿದರು. ಭಾರವಾದ ಆ ಯಂತ್ರಕ್ಕೆ ತಕ್ಕ ಕೋಣೆಯು ವಿದ್ಯಾರ್ಥಿಗಳ ವಸತಿಗೃಹಗಳಲ್ಲಿ ಇಲ್ಲದ ಕಾರಣ, ವಿದ್ಯಾಲಯದ ಕವೆಲ್ ಆಸ್ಪತ್ರೆಯ ಒಂದು ಭಾಗವೇ ಅವರ ಬಿಡಾರವಾಯಿತು. ಮರುವರುಷ ಜಾನ್ ಹೆಸ್ಲರರೆಂಬ ಇನ್ನೊಬ್ಬರು ಬಂದು ಸೇರಿದರು. ಕ್ರಮೇಣ ಅಲ್ಲೊಂದು ಚಿಕ್ಕ ವಿದ್ಯಾರ್ಥಿವೃಂದವೇ ಬೆಳೆಯಿತು. ರಾಬರ್ಟ್ಸರು ರಾಜನೀತಿಶಾಸ್ತ್ರದಲ್ಲಿ 1964ರಲ್ಲಿ ಬಿ. ಎ., 1966ರಲ್ಲಿ ಎಂ. ಎ. ಪದವಿಗಳನ್ನು ಪಡೆದರು.

ಈ ವಿದ್ಯಾರ್ಥಿಗಳು ತಮ್ಮ ನಿತ್ಯದ ಅನುಭವದಿಂದ ಒಂದು ತತ್ತ್ವವನ್ನು ಕಂಡುಕೊಂಡರು. ಅದೆಂತೆಂದರೆ, ಪಾಠಗಳು ಎಷ್ಟೇ ಚೆನ್ನಾಗಿದ್ದರೂ ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುವ ಸಹಾಯಕನು ಬಾರದಿದ್ದರೆ ಆ ದಿನದ ಪಾಠವು ಇಲ್ಲ. ಕುರ್ಚಿಯ ಗಾಲಿಯು ಮುರಿದರೆ ಆ ವಾರದ ಪಾಠಗಳೇ ಇಲ್ಲ. ಆದಕಾರಣ 1970ರಲ್ಲಿ ಕೇಂದ್ರ ಸರಕಾರದ ಧನಸಹಾಯದಿಂದ ಬರ್ಕ್ಲಿಯಲ್ಲಿ ಆರಂಭವಾದ ಅಂಗವಿಕಲ ವಿದ್ಯಾರ್ಥಿಗಳ ಸೇವಾಕಾರ್ಯವು ಸಹಾಯಕರನ್ನು ಗೊತ್ತುಮಾಡಿಕೊಡುವುದು, ಕುರ್ಚಿಗಳನ್ನು ದುರಸ್ತಿ ಮಾಡುವುದು, ವಾಸಕ್ಕೆ ಯೋಗ್ಯವಾದ ಮನೆಗಳನ್ನು ಹುಡುಕುವುದು, ಸರಕಾರದಿಂದ ಬರತಕ್ಕ ನೆರವನ್ನು ಬರಮಾಡಿಕೊಡುವುದು ಎಂಬ ಸಾಮಾನ್ಯವಾಗಿ ತೋರುವ ಕೆಲಸಗಳನ್ನೇ ಕೈಕೊಂಡಿತು. ಅದನ್ನು ನಡೆಸಿದವರೂ ಅಂಗವಿಕಲರೇ; ಹೆಸ್ಲರರೇ ಅದರ ನಿರ್ದೇಶಕರಾಗಿದ್ದರು. ವಿದ್ಯಾರ್ಥಿಗಳಲ್ಲದವರಿಗೂ ಇದೇ ನೆರವು ದೊರೆಯಲೆಂದು 1972ರಲ್ಲಿ ಸ್ವತಂತ್ರ ಜೀವನ ಕೇಂದ್ರವೆಂಬ ಸಂಸ್ಥೆಯು ಹುಟ್ಟಿತು.

ಇನ್ನು ಕಾಲವು ಕೊಟ್ಟ ಉತ್ತರವನ್ನು ನೋಡಬೇಕು. 1975ರಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯಪಾಲರಾದ ಜೆರಿ ಬ್ರೌನರು ಪ್ರಾಂತದ ಪುನರ್ವಸತಿ ಇಲಾಖೆಗೆ ನಿರ್ದೇಶಕರನ್ನಾಗಿ ನಿಯಮಿಸಿದ್ದು ರಾಬರ್ಟ್ಸರನ್ನೇ. ಉದ್ಯೋಗಕ್ಕೆ ಅಯೋಗ್ಯನೆಂದು ಯಾವ ಇಲಾಖೆಯು ನಿರ್ಣಯಿಸಿತ್ತೋ ಆ ಇಲಾಖೆಗೆ ಅವರೇ ಒಡೆಯರಾದರು. ಅವರ ದೇಹಸ್ಥಿತಿಯು ಹಿಂದಿನಂತೆಯೇ ಇತ್ತು. ಬದಲಾದದ್ದು ಸುತ್ತಣ ವ್ಯವಸ್ಥೆ. ಅವರು 1995ರಲ್ಲಿ ಕಾಲಾಧೀನರಾದರು.

ಒಂದು ವಿದ್ಯಾಲಯದ ಸದ್ಭಾವದಿಂದ ದೊರೆತುದು ಮತ್ತೊಂದರ ಔದಾಸೀನ್ಯದಿಂದ ಇಲ್ಲವಾಗಬಹುದು. ಆದುದರಿಂದ ಶಾಸನದ ಬಲವು ಬೇಕಾಯಿತು. ಸರಕಾರದ ಹಣವನ್ನು ಪಡೆಯುವ ಸಂಸ್ಥೆಗಳು ಅಂಗವಿಕಲರನ್ನು ವಿಕಲತೆಯ ಕಾರಣದಿಂದ ಹೊರಗಿಡಕೂಡದೆಂದು ಅಮೇರಿಕದಲ್ಲಿ 1973ರ ಶಾಸನದ 504ನೆಯ ಕಲಮು ವಿಧಿಸಿತು. ಆದರೆ ಅದನ್ನು ಆಚರಣೆಗೆ ತರುವ ನಿಯಮಗಳು ನಾಲ್ಕು ವರುಷವಾದರೂ ಹೊರಡಲಿಲ್ಲ. 1977ರ ಏಪ್ರಿಲ್ 5ರಂದು ಸಾನ್ ಫ್ರಾನ್ಸಿಸ್ಕೋ ನಗರದ ಸರಕಾರಿ ಕಚೇರಿಯನ್ನು ನೂರಕ್ಕೂ ಹೆಚ್ಚು ಮಂದಿ ಹೊಕ್ಕು ಸತ್ಯಾಗ್ರಹ ಹೂಡಿದರು. ಜೂಡಿತ್ ಹ್ಯೂಮನ್ನರು ಅವರ ಮುಂದಾಳುಗಳಲ್ಲಿ ಒಬ್ಬರು. ಅದೇ ತಿಂಗಳ 28ರಂದು ಆ ನಿಯಮಗಳಿಗೆ ಸಚಿವರ ರುಜುವು ಬಿದ್ದಿತು.

ಭರತಖಂಡದಲ್ಲಿ 1995ರ ಶಾಸನವು ಸರಕಾರಿ ಹುದ್ದೆಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ಅಂಗವಿಕಲರಿಗೆ ಶೇಕಡಾ 3ರಷ್ಟು ಸ್ಥಾನಗಳನ್ನು ಕಾದಿರಿಸಿತು. 2016ರ ಶಾಸನವು ವಿಕಲತೆಯ 21 ಬಗೆಗಳನ್ನು ಅಂಗೀಕರಿಸಿತು. ನಿಗದಿಯಾದ ಪ್ರಮಾಣದ ವಿಕಲತೆಯುಳ್ಳವರಿಗೆ ಸರಕಾರಿ ಹಾಗೂ ಅನುದಾನಿತ ಉಚ್ಚ ಶಿಕ್ಷಣಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನೂ, ಸರಕಾರಿ ಹುದ್ದೆಗಳಲ್ಲಿ ಶೇಕಡಾ 4ಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನೂ ವಿಧಿಸಿತು. ಪರೀಕ್ಷೆಯಲ್ಲಿ ಉತ್ತರವನ್ನು ಬರೆದುಕೊಡುವ ಲಿಪಿಕಾರನ ನೆರವು ಆ ಪ್ರಮಾಣವನ್ನು ಮುಟ್ಟಿದವರಿಗೆ ಮಾತ್ರವೇ ಸೀಮಿತವಲ್ಲವೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಕರ್ನಾಟಕದ ಭಕ್ತಜನರಿಗೆ ಈ ತತ್ತ್ವವು ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು ಸ್ವತಃ ಅಂಧರು. ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ಅನ್ನ, ವಸತಿ, ಸಂಗೀತ ಈ ಮೂರನ್ನೂ ಒಟ್ಟಿಗೆ ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನೇ ಮುನ್ನಡೆಸಿದರು. ಅಲ್ಲಿ ಕಲಿತವನು ಭಿಕ್ಷಾಪಾತ್ರೆಯನ್ನು ಹಿಡಿಯದೆ ಹಾರ್ಮೋನಿಯಮ್ಮನ್ನೋ ತಬಲೆಯನ್ನೋ ಹಿಡಿದು ತನ್ನ ಕಾಯಕದಿಂದ ಬಾಳುವಂತಾಯಿತು. ಸಹಾಯವೂ ವಿದ್ಯೆಯೂ ಜೀವನೋಪಾಯವೂ ಒಂದೇ ಸೂರಿನ ಕೆಳಗೆ ಕೂಡಿದಾಗಲೇ ಫಲವೆಂಬುದನ್ನು ಬರ್ಕ್ಲಿಗಿಂತ ಮುಂಚೆಯೇ ಗದಗು ಕಂಡಿತ್ತು.

ಈ ಎಲ್ಲ ವೃತ್ತಾಂತಗಳಿಂದ ಹೊರಡುವ ಸಾರಾಂಶವಿಷ್ಟು: ಕಲಿತು ಇವನೇನು ಮಾಡಿಯಾನು ಎಂಬ ಪ್ರಶ್ನೆಗೆ ಕಲಿಯುವ ಮುನ್ನ ಉತ್ತರ ಹೇಳುವ ಅಧಿಕಾರವು ಯಾರಿಗೂ ಇಲ್ಲ. ಕಾದಿರಿಸಿದ ಸ್ಥಾನವು ಕಾಗದದ ಮೇಲಿದ್ದರೆ ಸಾಲದು. ಆ ಸ್ಥಾನದವರೆಗೆ ದಾರಿಯೂ ಇರಬೇಕು. ಆ ದಾರಿಯನ್ನು ಸಮ ಮಾಡುವ ಕೆಲಸದಲ್ಲಿ ಶಾಸನದ ಪಾಲು ಎಷ್ಟಿದೆಯೋ, ಪಾಠಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಸುವ ಪ್ರತಿಯೊಂದು ಸಂಸ್ಥೆಯ ಪಾಲೂ, ಅವುಗಳಿಗೆ ಕೈನೀಡುವ ಪ್ರತಿಯೊಬ್ಬ ಭಕ್ತನ ಪಾಲೂ ಅಷ್ಟೇ ಇದೆ.